ಅಮ್ಮನ ಹೊಸ ಮಡಿ

ಧರಂಪೇಠ, ನಾಗಪುರ
೯ ಜೂನ್ ೧೯೮೬

ಅಕ್ಕ,

ಕಳೆದ ತಿಂಗಳು ಮೂವತ್ತೊಂದಕ್ಕೆ ಪುರಿಯಿಂದ ವಾಪಸು ಬಂದೆವು. ಈ ವರ್ಷ ಬಳಸದಿದ್ದರೆ ಆಫೀಸು ಕೊಡುವ ಪ್ರವಾಸದ ಎಲ್‌ಟಿಸಿ ಕೈಬಿಟ್ಟುಹೋಗುತ್ತಿತ್ತು, ಹಾಗಾಗಿ ಮೇ ಬಿಸಿಲಿನಲ್ಲೇ ವತ್ಸಲಾ, ತುಂಗಾ ಇಬ್ಬರನ್ನೂ ಕರೆದುಕೊಂಡು ಹದಿನೇಳು ದಿನ ತಿರುಗಿದೆ. ಅಮ್ಮ ಬರಲಿಲ್ಲ. ಅರವತ್ತೆಂಟು ವರ್ಷಕ್ಕೆ ಸಮುದ್ರ ನೋಡಿ ಏನಾಗಬೇಕು ಅಂದಳು. ಮಹಡಿಯ ಮೇಲಿನ ದೇಚಮ್ಮ, ಏರ್‌ಫೋರ್ಸಿನ ಉತ್ತಪ್ಪನವರ ಹೆಂಡತಿ, ನಾನಿದ್ದೇನಲ್ಲ ಹೋಗಿಬನ್ನಿ ಎಂದು ಧೈರ್ಯ ಹೇಳಿದರು.

ಬಂದು ನೋಡಿದರೆ ಅಮ್ಮ ಮಡಿ ಶುರುಮಾಡಿದ್ದಾಳೆ.

ಟ್ರಂಕು ಇನ್ನೂ ಆಟೋದಿಂದ ಇಳಿದಿರಲಿಲ್ಲ. ತುಂಗಾ ಓಡಿಹೋಗಿ ಅಜ್ಜಿಯ ಸೊಂಟ ತಬ್ಬಲು ಕೈ ಚಾಚಿದಳು. ಅಮ್ಮ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಅಂಟಿ ನಿಂತು, "ಮುಟ್ಟಬೇಡ, ನಾನು ಮಡಿ" ಅಂದಳು. ತಮಾಷೆ ಇರಬೇಕೆಂದು ನಾನು ನಕ್ಕೆ. ಮಿಕ್ಕವರು ನಗಲಿಲ್ಲ.

ಅಪ್ಪ ಹೋದ ಮೇಲೆ ನಿನ್ನ ಮನೆಯಲ್ಲಿ ಎರಡು ವರ್ಷ ಇದ್ದು ಇಲ್ಲಿಗೆ ಬಂದ ದಿನ ಅಮ್ಮ ಏನು ಹೇಳಿದ್ದಳೆಂದು ನಿನಗೆ ಗೊತ್ತಿಲ್ಲ. ಈಗ ಬರೆಯುವುದೂ ಬೇಡ. ಇಷ್ಟು ಬರೆಯಬಹುದು: ಇಲ್ಲಿನ ಇತವಾರಿ ಪೇಟೆಯ ನೇಕಾರರ ಮನೆಯ ಹುಡುಗಿಯನ್ನು ನಾನು ಕಟ್ಟಿಕೊಂಡದ್ದಕ್ಕೆ ಮೈಸೂರಿನಲ್ಲಿ ಯಾರ್‍ಯಾರು ಏನೇನು ಅಂದರೋ, ಅದನ್ನೆಲ್ಲ ಅಮ್ಮ ಮೊದಲ ದಿನವೇ ಒಂದು ಲೋಟ ಚಹಾದಲ್ಲಿ ಮುಗಿಸಿದಳು. ವತ್ಸಲಾ ಮಾಡಿದ ಚಹಾ. ಹನ್ನೆರಡು ವರ್ಷ ಅವಳ ಕೈಯ ಭಾಕರಿ ತಿಂದಳು, ಅವಳ ಭುಜ ಹಿಡಿದು ರಸ್ತೆ ದಾಟಿದಳು. ಈಗ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇರುತ್ತಾಳೆ. ಬೆಳಗಿನ ಸ್ನಾನವಾದ ಮೇಲೆ ಒದ್ದೆ ಸೀರೆಯಲ್ಲೇ ಮಧ್ಯಾಹ್ನದವರೆಗೆ ಕೂತಿರುತ್ತಾಳೆ. ತಟ್ಟೆಯನ್ನು ಹೊಸಿಲ ಹತ್ತಿರ ಇಟ್ಟು ಸರಿಯಬೇಕು. ವತ್ಸಲಾ ಮಾಡಿದ ಅನ್ನವನ್ನೇ ಉಣ್ಣುತ್ತಾಳೆ, ಅದು ನನಗೆ ಅರ್ಥವಾಗದ ಭಾಗ. ಮುಟ್ಟುವ ಹಾಗಿಲ್ಲ, ಅಷ್ಟೇ.

ನಾವು ಇಲ್ಲದಾಗ ನಿನ್ನಿಂದ ಎರಡು ಕಾಗದ ಬಂದಿದ್ದವಂತೆ. ಅದರಲ್ಲಿ ಏನಿತ್ತೆಂದು ಕೇಳುವುದಿಲ್ಲ. ಕೇಳುವುದಿಲ್ಲ ಎಂದು ಬರೆಯುವುದೂ ಕೇಳಿದ ಹಾಗೆಯೇ, ಗೊತ್ತು.

ಇದನ್ನು ಬರೆಯುವಾಗ ವತ್ಸಲಾ ಬಂದು ಬೆನ್ನ ಹಿಂದೆ ನಿಂತಿದ್ದಳು. ಅವಳಿಗೆ ನಮ್ಮ ಮಾತು ಬರುತ್ತದೆ, ನಮ್ಮ ಲಿಪಿ ಓದಲು ಬರುವುದಿಲ್ಲ. ತನ್ನ ಹೆಸರಿನ ಆಕಾರ ಮಾತ್ರ ಗುರುತು. ಎಷ್ಟು ಸಲ ಬಂದಿದೆ ಎಂದು ಬೆರಳಲ್ಲಿ ಎಣಿಸಿ ಒಳಗೆ ಹೋದಳು.

ನಿನ್ನ ತಮ್ಮ
ವೇಣು


ಮೈಸೂರು
೨೧ ಜೂನ್ ೧೯೮೬

ವೇಣುವಿಗೆ,

ನಾನು ಬರೆದ ಎರಡು ಕಾಗದಗಳಲ್ಲಿ ಒಂದರಲ್ಲಿ ಅಪ್ಪೆಮಿಡಿಗೆ ಉಪ್ಪಿನ ಅಳತೆ ಕೇಳಿದ್ದೆ, ಇನ್ನೊಂದರಲ್ಲಿ ಮೊದಲನೆಯದಕ್ಕೆ ಉತ್ತರ ಯಾಕಿಲ್ಲ ಎಂದು ಕೇಳಿದ್ದೆ. ಅಷ್ಟೇ ಇದ್ದದ್ದು. ಇನ್ನು ನೀನು ನಂಬುವುದು ಬಿಡುವುದು ನಿನಗೆ ಸೇರಿದ್ದು.

ಹನ್ನೆರಡು ವರ್ಷ ಎಲ್ಲ ಬಿಟ್ಟವಳು ಹದಿನೇಳು ದಿನದಲ್ಲಿ ಸುಮ್ಮನೆ ಬದಲಾಗುವುದಿಲ್ಲ. ಏನೋ ನೋಡಿದ್ದಾಳೆ, ಇಲ್ಲವೇ ಯಾರೋ ಏನೋ ಹೇಳಿದ್ದಾರೆ. ನಿಮ್ಮ ಮನೆಯ ಪಾತ್ರೆಯಲ್ಲಿ ಏನೇನು ಬೇಯುತ್ತದೆ ಎಂದು ನಾನು ಇವತ್ತಿನವರೆಗೆ ಕೇಳಿಲ್ಲ, ಈಗಲೂ ಕೇಳುತ್ತಿಲ್ಲ. ಅಮ್ಮನನ್ನು ಒಬ್ಬಳೇ ಬಿಟ್ಟು ಹೋದದ್ದೇ ತಪ್ಪು. ನಿಮ್ಮ ಭಾವನೂ ಅದನ್ನೇ ಅಂದರು, ಅವರು ಯಾರ ವಿಷಯಕ್ಕೂ ಬಾಯಿ ಹಾಕುವವರಲ್ಲ.

ನಮ್ಮತ್ತೆಗೆ ಹೇಳಿದೆ. ಕೊನೆಗಾಲಕ್ಕಾದರೂ ಬುದ್ಧಿ ಬಂತಲ್ಲ ಎಂದು ಸಂತೋಷಪಟ್ಟರು. ನನಗೆ ಸಂತೋಷವಾಗಲಿಲ್ಲ. ಅಮ್ಮ ಈ ಮನೆಯಲ್ಲಿ ಎರಡು ವರ್ಷ ಮಡಿಕೋಲು ಹಿಡಿದು ಬಟ್ಟೆ ಹರವುವಾಗ ಅವಳ ಮುಖ ಹೇಗಿರುತ್ತಿತ್ತೆಂದು ನಾನು ನೋಡಿದ್ದೇನೆ. ಅಂಥವಳು ತಾನಾಗಿ ಹಿಡಿದಿದ್ದಾಳೆ ಎಂದರೆ ಯಾರಿಂದಲೋ ತಪ್ಪಿಸಿಕೊಳ್ಳುತ್ತಿದ್ದಾಳೆ. ಯಾರಿಂದ ಎಂದು ಆ ಮನೆಯಲ್ಲಿರುವ ನೀನು ಹೇಳಬೇಕು.

ಕೃಷ್ಣವೇಣಿ


ನಾಗಪುರ
೨೭ ಜುಲೈ ೧೯೮೬

ಅಕ್ಕ,

ಒಂದು ತಿಂಗಳು ಬರೆಯಲಿಲ್ಲ. ಸಿಟ್ಟೆಂದು ತಿಳಿದಿದ್ದರೆ ಸರಿಯಾಗಿಯೇ ತಿಳಿದಿದ್ದೀಯ.

ಆಷಾಢ ಏಕಾದಶಿಯಿಂದ ಅಮ್ಮ ಚಾತುರ್ಮಾಸ್ಯವನ್ನೂ ಹಿಡಿದಳು, ಜೊತೆಗೆ ಲಕ್ಷ ಬತ್ತಿಯ ವ್ರತ. ದಿನವಿಡೀ ಹತ್ತಿ ಹೊಸೆಯುತ್ತಾಳೆ. ಕೆಲವು ಹೊತ್ತು ನಿಧಾನ, ಕೆಲವು ಹೊತ್ತು ಯಾರೋ ಓಡಿಸುತ್ತಿರುವ ಹಾಗೆ. ಮಳೆ ತಡವಾಗಿ, ಜೂನ್ ಕೊನೆಯವರೆಗೂ ಇಲ್ಲಿ ಹಗಲು ಕುದಿಯುತ್ತಿತ್ತು. ಆಗಲೂ ಅವಳ ಕೋಣೆಯ ಕೂಲರ್ ಬಂದ್. ಖಸ್‌ ಹುಲ್ಲಿನ (ನಮ್ಮ ಲಾವಂಚವೇ) ತಟ್ಟಿಗೆ ನೀರು ಹಾಕಿ ನಾನೇ ಸ್ವಿಚ್ ಹಾಕಿದರೆ ಗಾಳಿಗೆ ಬೆನ್ನು ಕೊಡದೆ ಮೂಲೆಗೆ ಹೋಗಿ ಕೂತಳು. ತಪಸ್ಸಾ ಅಮ್ಮಾ ಎಂದೆ. "ಹಾಗೇ ಅಂದುಕೊ" ಎಂದಳು.

ಇದನ್ನೆಲ್ಲ ವತ್ಸಲಾ ಸಹಿಸಿಕೊಂಡಿದ್ದಳು. ವಯಸ್ಸಾಯಿತು, ದೇವರ ಕಡೆ ಮನಸ್ಸು ಹೋಯಿತು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆದರೆ ಮೊನ್ನೆ ತಾನು ಪಾಠ ಹೇಳುವ ಬೆಳಗಿನ ಶಾಲೆಯಿಂದ ಬೇಗ ಬಂದಾಗ, ಅಮ್ಮನ ಕೋಣೆಯಿಂದ ದೇಚಮ್ಮ ಹೊರಗೆ ಬಂದದ್ದನ್ನು ನೋಡಿದಳು. ಅಮ್ಮ ಒಳಗಿನಿಂದ ಚಿಲಕ ಹಾಕಿಕೊಂಡಳು.

ಆ ರಾತ್ರಿ ಊಟವಾದ ಮೇಲೆ ನನ್ನ ಎದುರು ಕೂತು ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಅಹೋ, ಆ ದೇಚಮ್ಮಬಾಯಿ ಮನೆಯಲ್ಲಿ ಕೋಳಿ ಕೊಯ್ತಾರೆ. ಅವಳ ಕೈ ನಡೀತದೆ, ನನ್ನ ಕೈ ನಡೆಯೋದಿಲ್ಲ. ಅಂದ್ರೆ ಇದು ಮಡಿ ಅಲ್ಲ. ಇದು ನಾನು. ಬರೋಬರ್ ಇದೆಯಲ್ಲ ನನ್ನ ಹಿಸಾಬು?"

ಬರೋಬರ್ ಇತ್ತು.

ಕಾರ್ತಿಕದ ದ್ವಾದಶಿಗೆ ಚಾತುರ್ಮಾಸ್ಯ ಮುಗಿಯುತ್ತದೆ. ಅಲ್ಲಿಯವರೆಗೆ ನೋಡುತ್ತಾಳಂತೆ. ಆಮೇಲೂ ಹೀಗೆಯೇ ಇದ್ದರೆ ತುಂಗಾಳನ್ನು ಕರೆದುಕೊಂಡು ಮಹಾಲ್‌ನಲ್ಲಿರುವ ತನ್ನ ಅಣ್ಣನ ಮನೆಗೆ. ಅವಳು ಹೆದರಿಸಲಿಲ್ಲ, ರಜೆಯ ಅರ್ಜಿ ಹೇಳುವ ಹಾಗೆ ಹೇಳಿದಳು. ಅವಳು ಹೋದರೆ ಮರಳುವವಳಲ್ಲ. ಅದಕ್ಕೆ ನಿನ್ನನ್ನು ಕೇಳುತ್ತಿದ್ದೇನೆ. ಅಮ್ಮನನ್ನು ಅಷ್ಟರೊಳಗೆ ನೀನು ಕರೆಸಿಕೊಳ್ಳುತ್ತೀಯಾ? ಮಡಿಯೇ ಬೇಕಾದರೆ ನಿನ್ನ ಮನೆಯಲ್ಲಿ ಅದಕ್ಕೇನೂ ಕೊರತೆಯಿಲ್ಲವಲ್ಲ.

ವೇಣು


ನಾಗಪುರ
೧೦ ಆಗಸ್ಟ್ ೧೯೮೬

ಮಗೂ ಕೃಷ್ಣವೇಣಿ,

ನಿನ್ನ ಕಾಗದ ತಲುಪಿತು. ನನ್ನನ್ನು ಕರೆಯಬೇಡ. ನಿನ್ನ ಮೇಲೆ ಬೇಜಾರಿಲ್ಲ. ಮೂವತ್ತು ಗಂಟೆ ರೈಲಿನಲ್ಲಿ ಬರುವುದಕ್ಕೆ ಆಗುವುದಿಲ್ಲ. ಜನ ಮೈಮೇಲೆ ಬೀಳುತ್ತಾರೆ.

ವೇಣು ಬರೆದದ್ದನ್ನೆಲ್ಲ ನಂಬಬೇಡ, ಅವನು ಕಂಡದ್ದನ್ನು ಮಾತ್ರ ಬರೆಯುತ್ತಾನೆ. ವತ್ಸಲಾ ನನಗೆ ಏನೂ ಕೊರತೆ ಮಾಡಿಲ್ಲ. ಇದನ್ನು ಅವಳಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ, ನಿನಗೆ ಹೇಳುತ್ತಿದ್ದೇನೆ.

ನಿಮ್ಮ ಅಪ್ಪನ ಹಳೇ ಪಂಚೆಗಳು ನಿನ್ನ ಬೀರುವಿನಲ್ಲಿದ್ದರೆ ಎರಡು ಕಳಿಸು. ಹೊಸದು ಬೇಡ. ಒಗೆದು ಒಗೆದು ನೂಲು ಸತ್ತಿರಬೇಕು. ಪಾರ್ಸಲ್ಲಿನ ಮೇಲೆ ದೇಚಮ್ಮನ ಹೆಸರು ಬರಿ. ವೇಣುವಿಗೆ ಹೇಳಬೇಡ.

ನಿಮ್ಮಮ್ಮ


ಮೈಸೂರು
೨ ಸೆಪ್ಟೆಂಬರ್ ೧೯೮೬

ವೇಣು,

ಹೇಳಬೇಡ ಎಂದು ಅಮ್ಮ ಬರೆದಿದ್ದಾಳೆ, ಆದರೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನನ್ನ ಹತ್ತಿರ ಅಪ್ಪನ ಪಂಚೆ ಕೇಳಿದ್ದಾಳೆ. ಅದೂ ಆ ದೇಚಮ್ಮನ ಹೆಸರಿಗೆ. ಹದಿನಾಲ್ಕು ವರ್ಷದ ಹಿಂದೆ ಸತ್ತವರ ಬಟ್ಟೆ ಯಾಕೆ ಬೇಕು? ಉಡಲು ಸೀರೆಯಿಲ್ಲವೇ ಅವಳಿಗೆ? ಆ ಹೆಂಗಸು ಯಾರು, ಯಾವ ಪೂಜೆ ಮಾಡಿಸುತ್ತಿದ್ದಾಳೆ, ಬಾಗಿಲು ಹಾಕಿಕೊಂಡು ಏನು ನಡೆಯುತ್ತದೆ? ನೀನು ಆಫೀಸಿಗೆ ಹೋಗಿ ಫೈಲಿನಲ್ಲಿ ತಲೆಯಿಟ್ಟರೆ ಮನೆಯಲ್ಲಿ ಆಗುವುದು ಆಗದೇ ಇರುತ್ತದೆಯೇ?

ಪಂಚೆ ಕಳಿಸಿದ್ದೇನೆ.

ದಸರೆ ಕಳೆದ ಮೇಲೆ ನಿಮ್ಮ ಭಾವನನ್ನೇ ಕಳಿಸಿ ಅಮ್ಮನನ್ನು ಕರೆಸಿಕೊಳ್ಳುತ್ತೇನೆ. ಬರುವುದಿಲ್ಲ ಎಂದು ಬರೆದಿದ್ದಾಳೆ. ಅವಳೇ ಬರೆದಳೋ, ಎದುರಿಗೆ ಯಾರಾದರೂ ಕೂತು ಬರೆಸಿದರೋ ತಿಳಿಯದು. ನಿನ್ನ ಹೆಂಡತಿಯನ್ನು ಹೊಗಳಿದ್ದಾಳೆ. ಅದಕ್ಕೇ ಅನುಮಾನ.

ಕೃಷ್ಣವೇಣಿ


ನಾಗಪುರ
೬ ಅಕ್ಟೋಬರ್ ೧೯೮೬

ಅಕ್ಕ,

ನೀನು ಅಷ್ಟು ಅಂದ ಮೇಲೆ ಸುಮ್ಮನಿರಲಾಗಲಿಲ್ಲ. ಅರ್ಧ ದಿನ ರಜೆ ಹಾಕಿ, ಯಾರಿಗೂ ಹೇಳದೆ ಹನ್ನೊಂದೂವರೆಗೆ ಮನೆಗೆ ಬಂದೆ. ಚಪ್ಪಲಿ ಹೊರಗೇ ಬಿಟ್ಟೆ. ನನ್ನದೇ ಮನೆಯ ನಡುಮನೆಯಲ್ಲಿ ಬರಿಗಾಲಲ್ಲಿ, ಉಸಿರು ಹಿಡಿದು ನಿಂತುಕೊಂಡಾಗ ಎದುರಿನ ಕನ್ನಡಿಯಲ್ಲಿ ನನ್ನನ್ನು ನೋಡಬೇಕಾಯಿತು. ನಲವತ್ತಾರು ವರ್ಷದ ಗಂಡಸು.

ಕೋಣೆಯೊಳಗಿಂದ ದೇಚಮ್ಮನ ದನಿ: "ಇನ್ನೂ ಬಿಗಿಯಾ?" ಅಮ್ಮ: "ಬಿಗಿ ಮಾಡು. ಅಲ್ಲಾಡಬಾರದು." ಆಮೇಲೆ ಹಲ್ಲು ಕಚ್ಚಿ ಎಳೆದುಕೊಂಡ ಉಸಿರು. ಆಮೇಲೆ ಇಬ್ಬರೂ ನಕ್ಕರು. ಆ ನಗುವಿಗೇ ನಾನು ಹೆದರಿದೆ ಎಂದು ತೋರುತ್ತದೆ. ಬಾಗಿಲು ತಟ್ಟದೆ ಆಫೀಸಿಗೆ ವಾಪಸು ಹೋದೆ.

ಮರುವಾರ ಅಮ್ಮ ಮೇಲಿನ ಮನೆಗೆ ಹೋದಾಗ ಅವಳ ಪೆಟ್ಟಿಗೆ ತೆಗೆದೆ. ಬೈಯಬೇಡ, ನಾನೇ ಬೈದುಕೊಂಡಿದ್ದೇನೆ. ಸೀರೆಗಳ ಅಡಿಯಲ್ಲಿ ಒಂದು ಡಬ್ಬಿ ಕೆಮ್ಮಣ್ಣು. ಸೀತಾಬರ್ಡಿಯ ಯಾರೋ ಡಾಕ್ಟರ ಚೀಟಿ, ಮೇ ಹತ್ತೊಂಬತ್ತರ ತಾರೀಖು, ನಾವು ಪುರಿಯಲ್ಲಿದ್ದ ದಿನ. ಒಂದು ಗುಳಿಗೆಯ ಪಟ್ಟಿ. ನಾಲ್ಕು ಖಾಲಿ, ಮಿಕ್ಕದ್ದು ಹಾಗೇ ಇದೆ. ಮೂಲೆಯ ಮೆಡಿಕಲ್ ಸ್ಟೋರಿನವನಿಗೆ ತೋರಿಸಿದೆ. ಅವನು ಪಟ್ಟಿಯನ್ನು ತಿರುಗಿಸಿ ನೋಡಿ, ಯಾರಿಗೆ ಸಾಹೇಬ್, ಒಳ್ಳೆ ನಿದ್ದೆ ಬರುವ ಗುಳಿಗೆ ಇದು, ಜಾಸ್ತಿ ಕೊಡಬೇಡಿ ಎಂದ.

ಕೆಮ್ಮಣ್ಣು, ಅಪ್ಪನ ಪಂಚೆ, ಮುಚ್ಚಿದ ಬಾಗಿಲು, ಇವನ್ನೆಲ್ಲ ಸೇರಿಸಿ ಮಾಟ ಎಂದು ಒಂದು ದಿನ ಅಂದುಕೊಂಡೆ, ನಾಚಿಕೆಯಾಯಿತು. ಈಗ ಅಂದುಕೊಳ್ಳುತ್ತಿರುವುದಕ್ಕೆ ನಾಚಿಕೆಯೂ ಆಗುತ್ತಿಲ್ಲ. ನಿದ್ದೆಯ ಗುಳಿಗೆಗಳನ್ನು ನುಂಗದೆ ಕೂಡಿಡುವವರು ಯಾಕೆ ಕೂಡಿಡುತ್ತಾರೆ? ಅಮ್ಮನನ್ನು ಕೇಳಿಲ್ಲ. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ನೇರ ಕೇಳಿದ್ದಿಲ್ಲ. ಅಪ್ಪನೂ ಏನೂ ಕೇಳದೆ, ಹೇಳದೆ ಹೋದರು. ಗುಳಿಗೆಯನ್ನು ನನ್ನ ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ.

ವೇಣು


ನಾಗಪುರ
೧೯ ಅಕ್ಟೋಬರ್ ೧೯೮೬

ಅಕ್ಕ,

ಭಾವನನ್ನು ಕಳಿಸಬೇಡ. ಟಿಕೆಟ್ ಮಾಡಿಸಿದ್ದರೆ ರದ್ದು ಮಾಡಿಸು.

ದೇಚಮ್ಮನನ್ನು ಮೆಟ್ಟಿಲ ಮೇಲೆ ಅಡ್ಡಗಟ್ಟಿ ಗುಳಿಗೆಯ ಪಟ್ಟಿ ತೋರಿಸಿದೆ. ಅವರು ಕೈಚೀಲ ಕೆಳಗಿಟ್ಟು, "ನಿಮ್ಮ ಅಮ್ಮನಿಗೆ ಮಾತು ಕೊಟ್ಟಿದ್ದೆ. ನೀವು ಹೀಗೆ ಪೋಲೀಸಿನವರ ಹಾಗೆ ನಿಂತರೆ ನಾನೇನು ಮಾಡಲಿ" ಎಂದು ಅಲ್ಲೇ ಕೂತರು.

ನಾವು ಹೊರಟ ಮೂರನೆಯ ದಿನ ಅಮ್ಮನಿಗೆ ಸರ್ಪಸುತ್ತು ಎದ್ದಿದೆ. ಬೆನ್ನಿನಿಂದ ಎಡಪಕ್ಕೆ ಬಳಸಿ ಎದೆಯ ಕೆಳಗಿನವರೆಗೆ. ದೇಚಮ್ಮ ಮೊದಲು ಕೆಮ್ಮಣ್ಣು ಹಚ್ಚಿ, ಆಮೇಲೆ ರಿಕ್ಷಾದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಗುಳ್ಳೆ ಎರಡು ವಾರಕ್ಕೆ ಒಣಗಿತು. ನೋವು ಒಣಗಲಿಲ್ಲ. ಗುಳ್ಳೆ ಹೋದರೂ ನರ ಸುಟ್ಟಹಾಗೇ ಇರುತ್ತದೆ, ಕೆಲವರಿಗೆ ತಿಂಗಳು, ಕೆಲವರಿಗೆ ವರ್ಷ ಎಂದು ಡಾಕ್ಟರು ಹೇಳಿದ್ದರಂತೆ. ಒತ್ತಿದರೆ ತಡೆಯಬಹುದು. ಸವರಿದರೆ ತಡೆಯಲಾಗದು. ಸೀರೆಯ ಸೆರಗು ಅಲ್ಲಾಡಿದರೆ, ಕೂಲರಿನ ಗಾಳಿ ತಾಗಿದರೆ, ಮಗು ಕೈ ಸುತ್ತಿದರೆ ಕಾದ ಸೌಟು ಇಟ್ಟಹಾಗೆ.

ಗುಳಿಗೆಯನ್ನು ಎರಡು ದಿನ ನುಂಗಿದಳು. ಎರಡನೆಯ ದಿನ ಒಲೆಯ ಮೇಲೆ ಹಾಲಿಟ್ಟು ಅಲ್ಲೇ ನೆಲದ ಮೇಲೆ ನಿದ್ದೆಹೋದಳು. ಹಾಲು ಉಕ್ಕಿಹೋಗಿ, ಪಾತ್ರೆ ಹೊತ್ತಿ, ಹೊಗೆ ಮೇಲಿನ ಮನೆಗೆ ಬಂದಾಗ ದೇಚಮ್ಮ ಹಿಂಬಾಗಿಲು ಒದ್ದು ಒಳಗೆ ಬಂದರು. ಆ ಬಾಗಿಲಿನ ಚಿಲಕ ಯಾಕೆ ಹೊಸದಾಗಿದೆ ಎಂದು ನಾನು ಜೂನ್‌ನಲ್ಲೇ ಕೇಳಬಹುದಿತ್ತು. ಅಂದಿನಿಂದ ಗುಳಿಗೆ ಬೇಡವೆಂದಳು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಹಗಲು ಒಬ್ಬಳೇ ಬಿಡಲಾಗದ ಮುದುಕಿ ಎಂದು ನಮಗೆ ಗೊತ್ತಾದರೆ ಅವಳನ್ನು ಎಲ್ಲಿಗಾದರೂ ಕಳಿಸಬೇಕಾಗುತ್ತದೆ. ಎಲ್ಲಿಗೆ ಎಂಬುದು ಅವಳಿಗೆ ಗೊತ್ತಿತ್ತು.

ಈ ಸಾಲನ್ನು ಬಿಟ್ಟು ಬರೆಯಲು ನೋಡಿದೆ, ಆಗಲಿಲ್ಲ. ನಿನ್ನ ಮನೆಗೆ ಹೋಗಬೇಕಾದೀತೆಂದು ಹೆದರಿ ಅಮ್ಮ ಐದು ತಿಂಗಳು ಗುಳಿಗೆಯಿಲ್ಲದೆ ಉರಿಯುತ್ತಿದ್ದಾಳೆ. ಅವಳು ಹೆದರುವುದು ನಿನಗಲ್ಲ. ಆ ಮಡಿಕೋಲಿಗೆ.

ಅದಕ್ಕೆ ತಾನೇ ದಾರಿ ಕಂಡುಕೊಂಡಳು. ಒದ್ದೆ ಬಟ್ಟೆ ಉರಿಯನ್ನು ತಣಿಸುತ್ತದೆ. ಸತ್ತ ನೂಲಿನ ಪಂಚೆಯನ್ನು ಪಕ್ಕೆಗೆ ಬಿಗಿಯಾಗಿ ಸುತ್ತಿದರೆ ಮೇಲಿನ ಬಟ್ಟೆ ಸವರುವುದಿಲ್ಲ, ಆ ಸುತ್ತು ಒಬ್ಬಳಿಂದಲೇ ಹಾಕಿಕೊಳ್ಳಲಾಗದು, ಅದಕ್ಕೆ ದೇಚಮ್ಮ. ನೋವು ಏರಿದಾಗ ಬೆರಳಿಗೆ ಕೆಲಸ ಬೇಕು, ಅದಕ್ಕೆ ಬತ್ತಿ. ಯಾರೂ ಹತ್ತಿರ ಬರಬಾರದು, ಅದಕ್ಕೆ ಮಡಿ.

ಹೇಳಿ ಮುಗಿಸಿ ದೇಚಮ್ಮ ಚೀಲ ಎತ್ತಿಕೊಂಡರು. "ನಮ್ಮವರು ಕೇಳಿ ನಕ್ಕರು. ಇಷ್ಟು ದೊಡ್ಡ ಬೇಲಿ ಹಾಕುವ ಬದಲು ಒಂದು ಮಾತು ಹೇಳಬಹುದಿತ್ತಲ್ಲ ಅಂತ" ಎಂದರು. ಏರ್‌ಫೋರ್ಸಿನವರಿಗೆ ನಮ್ಮ ಮನೆ ಅರ್ಥವಾಗುವುದಿಲ್ಲ.

ವೇಣು


ಮೈಸೂರು
೩೦ ಅಕ್ಟೋಬರ್ ೧೯೮೬

ವೇಣು,

ಟಿಕೆಟ್ ರದ್ದು ಮಾಡಿಸಿದೆ. ನನಗೆ ಹೇಗಾಯಿತೆಂದು ಬರೆಯುವುದಿಲ್ಲ. ನಮ್ಮತ್ತೆ ಕೇಳಿದರು, ಅಮ್ಮನಿಗೆ ನಾಗಪುರದ ನೀರೇ ಒಗ್ಗಿದೆ ಎಂದೆ.

ನಿನ್ನ ಕಾಗದದಲ್ಲಿ ಉತ್ತಪ್ಪನವರು ನಕ್ಕದ್ದೂ ಇದೆ, ಚಿಲಕವೂ ಇದೆ. ವತ್ಸಲಾಳ ಹೆಸರು ಒಂದು ಕಡೆಯೂ ಇಲ್ಲ. ಅಂದರೆ ಅವಳಿಗೆ ನೀನು ಇನ್ನೂ ಹೇಳಿಲ್ಲ. ಯಾಕೆ ಹೇಳಿಲ್ಲ? ಅಮ್ಮನಿಗೆ ಕೊಟ್ಟ ಮಾತು ನಿನ್ನದಲ್ಲ, ದೇಚಮ್ಮನದು. ಇಷ್ಟು ದಿನ ನಾನು ಅನುಮಾನಪಟ್ಟದ್ದು ನಿನ್ನ ಹೆಂಡತಿಯ ಮೇಲೆ. ಈಗ ನಿನ್ನ ಮೇಲೆ.

ದ್ವಾದಶಿಗೆ ಎರಡು ವಾರವಿದೆ.

ಕೃಷ್ಣವೇಣಿ


ನಾಗಪುರ
೧೮ ನವೆಂಬರ್ ೧೯೮೬

ಅಕ್ಕ,

ಯಾಕೆ ಹೇಳಲಿಲ್ಲ ಎಂದು ನೀನು ಕೇಳಿದ್ದೆ. ಹೇಳಿದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದು ನನಗೆ ಅನ್ನಿಸಲಿಲ್ಲ, ಅದಕ್ಕೆ. ದ್ವಾದಶಿಯ ಹಿಂದಿನ ದಿನ ವತ್ಸಲಾ ಮಂಚದ ಅಡಿಯಿಂದ ಸೂಟ್‌ಕೇಸ್ ಎಳೆದು ಒರೆಸುವುದನ್ನು ಕಂಡು ಹೇಳಿದೆ.

ಅವಳು ಪೂರ್ತಿ ಕೇಳಿದಳು. ಒರೆಸುವ ಬಟ್ಟೆಯನ್ನು ಮಡಿಚಿಟ್ಟು, ಅಮ್ಮನ ಕೋಣೆಯ ಹೊಸಿಲಿನ ಈಚೆ ಹೋಗಿ ನಿಂತಳು. ನಾನು ಹಿಂದೆ ನಿಂತೆ.

"ನೋವಿತ್ತು, ಸಮಜ್ ಆಯಿತು ಅಮ್ಮ. ಅದಕ್ಕೆ ಮಡಿಯ ಹೆಸರೇ ಯಾಕೆ? ಬೆನ್ನುನೋವು ಅನ್ನಬಹುದಿತ್ತು. ಜ್ವರ ಅನ್ನಬಹುದಿತ್ತು."

ಅಮ್ಮ ಹತ್ತಿ ಕೆಳಗಿಟ್ಟಳು. ಐದು ತಿಂಗಳಿನಿಂದ ನಾನು ಹುಡುಕುತ್ತಿದ್ದದ್ದನ್ನು ಅವಳು ಉಪ್ಪು ಕಡಿಮೆ ಎನ್ನುವ ದನಿಯಲ್ಲಿ ಹೇಳಿದಳು.

"ಜ್ವರ ಅಂದಿದ್ದರೆ ನೀನು ಹಣೆ ಮುಟ್ಟಿ ನೋಡುತ್ತಿದ್ದೆ. ಬೆನ್ನುನೋವು ಅಂದಿದ್ದರೆ ಎಣ್ಣೆ ತರುತ್ತಿದ್ದೆ. ಮಡಿ ಅಂದರೆ ಒಂದು ಮಾತೂ ಕೇಳದೆ ನಂಬುತ್ತೀ ಅಂತ ಗೊತ್ತಿತ್ತು."

"ಅಷ್ಟು ಬರೋಬರ್ ಗೊತ್ತಿತ್ತಾ?"

"ಗೊತ್ತಿತ್ತು."

ವತ್ಸಲಾ ತಿರುಗಿ ಅಡುಗೆಮನೆಗೆ ಹೋದಳು. ಬಹಳ ಹೊತ್ತಿನ ಮೇಲೆ ನನಗೆ ಹೇಳಿದಳು: ಅಮ್ಮ ಹೇಳಿದ್ದು ಸುಳ್ಳಲ್ಲ, ಹನ್ನೆರಡು ವರ್ಷದಿಂದ ಪ್ರತಿ ಸಲ ಚಹಾ ಕೊಡುವಾಗಲೂ ಇವತ್ತು ಬೇಡ ಅನ್ನುತ್ತಾರಾ ಎಂದು ನೋಡುತ್ತಿದ್ದೆ, ಕಡೆಗೆ ಅಂದಾಗ ಆಶ್ಚರ್ಯವೇ ಆಗಲಿಲ್ಲ. ಆಶ್ಚರ್ಯ ಆಗಿದ್ದರೆ ಕೇಳುತ್ತಿದ್ದೆ.

ನನಗೂ ಆಶ್ಚರ್ಯವಾಗಿರಲಿಲ್ಲ ಎಂದು ಆಗ ಹೊಳೆಯಿತು. ನಿನಗೂ ಆಗಿರಲಿಲ್ಲ. ನಾವು ಮೂವರೂ ಕಾರಣ ಹುಡುಕಿದೆವು, ಮಡಿಯನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ.

ಸೂಟ್‌ಕೇಸ್ ಮಂಚದ ಕೆಳಗೆ ಹೋಗಿದೆ. ಮಾರನೆಯ ದಿನ ಅವಳು ತವರಿಗೆ ಹೋದಳು, ಸಂಜೆಗೆ ವಾಪಸು ಬಂದಳು. ಅವಳ ಅಪ್ಪ ಮಗ್ಗದಲ್ಲಿ ಸೀರೆಯ ಅಡಿಯಲ್ಲಿ ಹಾಸುತ್ತಿದ್ದ ಹಳೆಯ ಬಟ್ಟೆಯನ್ನು ತಂದಿದ್ದಳು, ಗಂಜಿಯ ಗುರುತೇ ಇಲ್ಲದ್ದು. ಪಂಚೆಯ ಅಂಚಿನ ದಪ್ಪ ನೂಲೇ ಚುಚ್ಚುತ್ತಿರಬೇಕು, ಅಂಚು ಹರಿದು ತೆಗೆಯಬೇಕು ಎಂದಳು. ದೇಚಮ್ಮನಿಗೆ ಇದು ಗೊತ್ತಿರಲಿಲ್ಲ. ಬೆಳಗಿನ ಸುತ್ತನ್ನು ಈಗ ವತ್ಸಲಾಳೇ ಹಾಕುತ್ತಾಳೆ. ಡಾಕ್ಟರಿಗೂ ತೋರಿಸಿದೆವು. ಕಡಿಮೆ ನಿದ್ದೆ ಬರುವ ಗುಳಿಗೆ ಇದೆ ಎಂದರು. ಅಮ್ಮ ನೋಡೋಣ ಎಂದಿದ್ದಾಳೆ, ಅಂದರೆ ಬೇಡ. ಹಗಲು ಅಡುಗೆಮನೆಯ ಗ್ಯಾಸನ್ನು ಸಿಲಿಂಡರಿನಲ್ಲೇ ಬಂದ್ ಮಾಡಿ ಹೋಗುತ್ತೇವೆ. ಅದಕ್ಕೆ ಅಮ್ಮ ಒಪ್ಪಿದ್ದಾಳೆ.

ದ್ವಾದಶಿ ಕಳೆದು ಐದು ದಿನವಾಯಿತು. ಶಾಲೆಗೆ ಹೊರಡುವ ಮೊದಲು ವತ್ಸಲಾ ಬಟ್ಟೆ ಹಿಡಿದು ಹೊಸಿಲ ಹತ್ತಿರ ನಿಂತು, "ಬರಲಾ ಅಮ್ಮ?" ಎಂದು ಕೇಳುತ್ತಾಳೆ. ಮೊದಲ ನಾಲ್ಕು ದಿನ ಅಮ್ಮ ಬಾ ಎಂದಳು. ಇವತ್ತು ಬೇಡ ಎಂದಳು. ಉರಿ ಜಾಸ್ತಿಯಿತ್ತು, ಅದಕ್ಕೆ ಬೇಡ ಅಂದದ್ದು, ಅದರಲ್ಲಿ ಬೇರೆ ಏನೂ ಇಲ್ಲ. ಆದರೂ ವತ್ಸಲಾ ಬಟ್ಟೆ ಹಿಡಿದು ಅಲ್ಲೇ ನಿಂತು ಅಮ್ಮನ ಮುಖವನ್ನು ನೋಡಿದಳು. ಅಮ್ಮನೂ ಅವಳ ಮುಖವನ್ನು ನೋಡಿದಳು. ಶಾಲೆಗೆ ಹೊತ್ತಾಗುವವರೆಗೂ ಇಬ್ಬರೂ ಹಾಗೇ ಇದ್ದರು.

ನಿನ್ನ
ವೇಣು